ಕೆಸರಿನೊಳಗಿನ ಸಂಸಾರ

ಮಂಗಳೂರಿನಿಂದ ಬಜಪೆಯ ವಿಮಾನ ನಿಲ್ದಾಣದ ಕಡೆಗೆ ಹೋಗುವವರು ನಡುದಾರಿಯಲ್ಲಿ ಕಾವೂರನ್ನು ಹಾದುಹೋಗುತ್ತಾರೆ. ಮಹಾಲಿಂಗೇಶ್ವರ ದೇವಸ್ಥಾನ, ಒಂದು ಕೆರೆ, ಇಳಿಜಾರುಗಳಲ್ಲಿ ತೆಂಗು ಕಂಗು, ಮುರಕಲ್ಲಿನ ಗೋಡೆಗಳ ಹಿಂದೆ ಮನೆಗಳು. ಪ್ರಯಾಣಿಕರ ಕಣ್ಣಿಗೆ ಕಾವೂರೆಂದರೆ ಇಷ್ಟೆ. ಊರಿನ ಒಳಚರಂಡಿಯ ನೀರನ್ನು ಶುದ್ಧಿಮಾಡುವ ದೊಡ್ಡದೊಂದು ಸ್ಥಾವರವೂ ಇಲ್ಲಿದೆಯೆಂಬುದನ್ನು ಬಲ್ಲವರು ಕಡಮೆ, ಬಲ್ಲವರಲ್ಲಿಯೂ ಅದನ್ನು ನೋಡಬೇಕೆಂದು ಬಯಸುವವರು ಇನ್ನೂ ಕಡಮೆ. ಮಂಗಳೂರು ಮಹಾನಗರಪಾಲಿಕೆಯ ಇಂಥ ಸ್ಥಾವರಗಳು ಕಾವೂರು, ಬಜಾಲು, ಸುರತ್ಕಲ್ಲು, ಪಚ್ಚನಾಡಿಗಳಲ್ಲಿವೆ. ಅವುಗಳಲ್ಲಿ ಕಾವೂರಿನದೇ ದೊಡ್ಡದು. ದಿನವೊಂದಕ್ಕೆ 4 ಕೋಟಿ 35 ಲಕ್ಷ ಲೀಟರು ನೀರನ್ನು ಶುದ್ಧಿಮಾಡುವ ಅಳತೆಗೆ ಅದನ್ನು ಕಟ್ಟಿದ್ದಾರೆ.

ಇಂಥ ಸ್ಥಾವರವೊಂದರಿಂದ ತಂದ ಕೆಸರನ್ನು ನಾವು ಪ್ರತಿ ವರ್ಷವೂ ನಮ್ಮ ವಿದ್ಯಾರ್ಥಿಗಳಿಗೆ ತೋರಿಸುವ ವಾಡಿಕೆಯುಂಟು. ಒಂದು ಲೀಟರಿನ ಗಾಜಿನ ಅಳತೆಪಾತ್ರೆಗೆ ಕಂದುಬಣ್ಣದ ಆ ರಾಡಿಯನ್ನು ಹೊಯ್ದು ಅರ್ಧಗಂಟೆ ಅಲುಗಿಸದೆ ಇಡಬೇಕು. ಮೊದಲು ಮಕ್ಕಳು ಮೂಗಿಗೆ ಕರವಸ್ತ್ರ ಹಿಡಿದು ದೂರ ನಿಲ್ಲುತ್ತಾರೆ. ರಾಡಿ ಹತ್ತಿಯ ಅರಳೆಯಂತೆ ಕಂತೆಕಂತೆಯಾಗಿ ಕೂಡಿಕೊಂಡು ಮೆಲ್ಲಗೆ ತಳಕ್ಕಿಳಿಯುತ್ತದೆ. ಮೇಲೆ ತಿಳಿನೀರು ನಿಲ್ಲುತ್ತದೆ. ವಾಸನೆಯೂ ನೆನೆದಷ್ಟು ಕೆಟ್ಟದಲ್ಲ, ಮೊದಲ ಮಳೆ ಬಿದ್ದ ಮಣ್ಣಿನ ಹಾಗಿರುತ್ತದೆ. ಆ ಅರಳೆಯ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕರವಸ್ತ್ರಗಳೆಲ್ಲ ಜೇಬು ಸೇರುತ್ತವೆ. ಸಣ್ಣ ಗಂಟೆಗೆ ದಂಟು ಹಚ್ಚಿದಂತಿರುವ ವಾರ್ಟಿಸೆಲ್ಲ ಎಂಬ ಜೀವಿಗಳು ಬಾಯಂಚಿನ ರೋಮಗಳನ್ನು ಚಕ್ರದಂತೆ ಆಡಿಸುತ್ತ ಬ್ಯಾಕ್ಟೀರಿಯಗಳನ್ನು ಒಳಗೆಳೆಯುತ್ತಿರುತ್ತವೆ. ಏನಾದರೂ ತಗುಲಿದರೆ ದಂಟು ಸುರುಳಿಸುತ್ತಿ ಸರಕ್ಕನೆ ಕುಗ್ಗುತ್ತದೆ. ಕಳೆದ ಸಾರಿ ಒಬ್ಬ ಹುಡುಗಿ ಬಹಳ ಹೊತ್ತು ನೋಡಿ, “ಸರ್, ಇವುಗಳಿಗೆ ಸಂಬಳ ಯಾರು ಕೊಡುತ್ತಾರೆ?” ಎಂದು ಕೇಳಿದಳು. ತರಗತಿ ನಕ್ಕಿತು. ಪ್ರಶ್ನೆ ಮಾತ್ರ ಸರಿಯಾದುದೇ. ಸ್ಥಾವರದ ಕಬ್ಬಿಣ, ಕಾಂಕ್ರೀಟು, ವಿದ್ಯುತ್ತುಗಳೆಲ್ಲ ಈ ಜೀವಿಗಳಿಗೆ ಗಾಳಿಯನ್ನೂ ಅನ್ನವನ್ನೂ ಒದಗಿಸುವ ಪರಿಚಾರಕರಷ್ಟೆ. ಹೊಲಸನ್ನು ತಿಂದು ನೀರನ್ನು ತಿಳಿಮಾಡುವ ಕೆಲಸ ಇವುಗಳದು.

ಮಣ್ಣು, ನೀರು, ಗಾಳಿ, ಎಲೆಯ ಮೈ, ಸಮುದ್ರದ ತಳ, ಹೀಗೆ ಒಂದು ನೆಲೆಯಲ್ಲಿ ಕೂಡಿ ಬಾಳುವ ಸೂಕ್ಷ್ಮಜೀವಿಗಳ ಒಟ್ಟು ಬಳಗಕ್ಕೂ ಅವುಗಳ ವಂಶವಾಹಿಗಳಿಗೂ ಸೇರಿಸಿ ಶಾಸ್ತ್ರಜ್ಞರು ಮೈಕ್ರೊಬಯೋಮ್ ಎಂಬ ಹೆಸರಿಟ್ಟಿದ್ದಾರೆ. ನಾವು ಇಂಗ್ಲಿಷಿನಲ್ಲಿ ಓದಿ ಇಂಗ್ಲಿಷಿನಲ್ಲಿಯೇ ಪಾಠ ಹೇಳಿಕೊಂಡು ಬಂದವರು. ಈ ಮಾತಿಗೆ ಕನ್ನಡವೇನೆಂದು ಬಹುದಿನ ತೋಚಲಿಲ್ಲ. ‘ಸೂಕ್ಷ್ಮಜೀವಿ ಸಮುದಾಯ’ ಎಂದರೆ ಸಭೆ ಸೇರಿದ ಹಾಗಾಗುತ್ತದೆ. ಕೊನೆಗೆ ‘ಸಂಸಾರ’ವೆಂಬ ಮಾತೇ ಮನಸ್ಸಿಗೆ ಒಪ್ಪಿತು. ಸಂಸಾರದಲ್ಲಿ ದುಡಿಯುವವರಿದ್ದಾರೆ, ಕೂತು ಉಣ್ಣುವವರಿದ್ದಾರೆ, ಒಬ್ಬರ ಎಂಜಲು ಇನ್ನೊಬ್ಬರಿಗೆ ಊಟ, ಜಗಳವೂ ಉಂಟು. ಈ ಕೆಸರಿನಲ್ಲಿಯೂ ಅದೆಲ್ಲವೂ ಉಂಟು.

ಸ್ಥಾವರದ ರಹಸ್ಯ ನಮ್ಮ ಮನೆಯ ಹೆಂಗಸರಿಗೆ ಹೊಸದಲ್ಲ. ನಿನ್ನೆಯ ಮೊಸರಿನಲ್ಲಿ ಒಂದು ಚಮಚೆಯನ್ನು ಉಳಿಸಿ ಇಂದಿನ ಹಾಲಿಗೆ ಹೆಪ್ಪು ಹಾಕುವುದೆಂದರೆ ದುಡಿಮೆ ಬಲ್ಲ ಜೀವಿಗಳನ್ನು ಕಳೆದುಕೊಳ್ಳದೆ ಮರಳಿ ಕೆಲಸಕ್ಕೆ ಹಚ್ಚುವುದು. ಚರಂಡಿಯ ನೀರಿಗೆ ಈ ಉಪಾಯವನ್ನು ಅನ್ವಯಿಸಿ ತೋರಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು. ಬಾಟಲಿಯಲ್ಲಿಟ್ಟ ಕೊಳಚೆಗೆ ಅವರು ಗಾಳಿಯೂದುತ್ತ ಬಂದಾಗ ಅದರ ಅಮೋನಿಯವೆಲ್ಲ ನೈಟ್ರೇಟಾಗಿ ಮಾರ್ಪಡಲು ಸುಮಾರು ಐದು ವಾರ ಹಿಡಿಯಿತು. ತಿಳಿಯನ್ನು ಬಸಿದು, ತಳದಲ್ಲಿ ನಿಂತ ಗಸಿಯನ್ನು ಎಲ್ಲರಂತೆ ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆಯನ್ನು ಹೊಯ್ದರು. ಹೀಗೆ ಪುನಃಪುನಃ ಮಾಡುತ್ತ ಹೋದಂತೆ ಐದು ವಾರದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. 1914ನೆಯ ಇಸವಿಯ ಏಪ್ರಿಲಿನಲ್ಲಿ ಅವರು ಇದನ್ನು ವಿದ್ವತ್ಸಭೆಯ ಮುಂದಿಟ್ಟು, ಆ ಗಸಿಗೆ ‘ಚೇತನಗೊಂಡ ಕೆಸರು’ ಎಂಬರ್ಥದ ಹೆಸರನ್ನು ಕೊಟ್ಟರು. ಇಂದು ಲೋಕದ ದೊಡ್ಡ ನಗರಗಳ ಶುದ್ಧೀಕರಣವೆಲ್ಲ ಹೆಚ್ಚಾಗಿ ಈ ಹೆಪ್ಪಿನ ಮೇಲೆಯೇ ನಿಂತಿದೆ.

ಇವರಿಬ್ಬರಿಗೆ ಆ ಪ್ರಯೋಗದ ದಾರಿ ತೋರಿದ ಹಿರಿಯರು ಗಿಲ್ಬರ್ಟ್ ಫೌಲರ್. ಅವರು 1912ರಲ್ಲಿ ಅಮೆರಿಕದ ಲಾರೆನ್ಸ್ ಎಂಬ ಊರಿನ ಪ್ರಯೋಗಶಾಲೆಯನ್ನು ಕಂಡು ಬಂದು, ಅಲ್ಲಿ ನೋಡಿದುದನ್ನು ಮ್ಯಾಂಚೆಸ್ಟರಿನಲ್ಲಿ ಹೇಳಿದ್ದರಿಂದಲೇ ಈ ಕೆಲಸ ಮೊದಲಾಯಿತು. ನಮ್ಮವರು ಮರೆತಿರುವ ಒಂದು ಸಂಗತಿಯೆಂದರೆ, ಇದೇ ಫೌಲರ್ ಮಹಾಶಯರು 1916ರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು. ಬಿಸಿಲಿನ ದೇಶದಲ್ಲಿ ಈ ಕ್ರಮ ಹೇಗೆ ನಡೆಯುತ್ತದೆಂಬ ಪರೀಕ್ಷೆ ಅಲ್ಲಿ ನಡೆಯಿತು. ಮ್ಯಾಂಚೆಸ್ಟರಿನ ಬಾಟಲಿಗೂ ಮೈಸೂರು ಸಂಸ್ಥಾನಕ್ಕೂ ನಡುವೆ ಎರಡೇ ವರ್ಷಗಳ ಅಂತರ. ಲೋಕದಲ್ಲಿ ನಡೆಯುತ್ತಿರುವ ಈ ಸಂಶೋಧನೆಯನ್ನು ಹೊರಗಿನವರದೆಂದು ಭಾವಿಸಿ ಕೈಕಟ್ಟಿ ನಿಲ್ಲಲು ನಮಗೆ ಕಾರಣವಿಲ್ಲವೆಂದು ತೋರಿಸಲು ಇದನ್ನು ಹೇಳಿದೆವು.

ಹೆಪ್ಪು ಹಾಕಲು ಬಂದರೂ ಹೆಪ್ಪಿನೊಳಗೆ ಇರುವವರು ಯಾರೆಂಬುದು ಬಹುಕಾಲ ತಿಳಿಯಲಿಲ್ಲ. ಬ್ಯಾಕ್ಟೀರಿಯವನ್ನು ಗುರುತಿಸಬೇಕಾದರೆ ಅದನ್ನು ಬೇರೆಮಾಡಿ, ಪೋಷಕ ವಸ್ತುವಿನ ಮೇಲೆ ಬೆಳೆಸಿ ನೋಡಬೇಕು. ಇದು 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲಿಸಿದ ವಿದ್ಯೆ. ಅದಕ್ಕೆ ಬೇಕಾದ ಅಗರ್ ಎಂಬ ಕಡಲಪಾಚಿಯ ಅಂಟು ಒಬ್ಬ ಗೃಹಿಣಿಯ ಅಡಿಗೆಮನೆಯಿಂದ ಬಂದುದು. ಫ್ಯಾನಿ ಹೆಸ್ಸೆ ಎಂಬಾಕೆ ಅದನ್ನು ಸೂಚಿಸಿದರು. ವಿದ್ಯೆಯೇನೋ ದೊಡ್ಡದು. ಅದರಿಂದ ಕಾಲರ, ಕ್ಷಯಗಳ ಕ್ರಿಮಿಗಳು ಕೈಗೆ ಸಿಕ್ಕವು. ಆದರೆ ಸೂಕ್ಷ್ಮದರ್ಶಕದಲ್ಲಿ ನೂರು ಜೀವಿಗಳು ಕಂಡರೆ ತಟ್ಟೆಯಲ್ಲಿ ಒಂದು ಬೆಳೆಯುವುದೂ ಕಷ್ಟ. ಈ ವ್ಯತ್ಯಾಸವನ್ನು 1985ರಲ್ಲಿ ಸ್ಟೇಲಿ ಮತ್ತು ಕೊನೊಪ್ಕ ಎಂಬವರು ಸ್ಪಷ್ಟವಾಗಿ ಎತ್ತಿ ತೋರಿಸಿದರು. ಮಣ್ಣಿನಲ್ಲಿ, ನೀರಿನಲ್ಲಿ ಬಾಳುವ ಜೀವಿಗಳು ತಮ್ಮ ನೆರೆಹೊರೆಯನ್ನು ಬಿಟ್ಟು ಒಂಟಿಯಾಗಿ ಬದುಕಲಾರವು. ಕೂಡುಕುಟುಂಬದ ಸೊಸೆಯೊಬ್ಬಳನ್ನು ಪರದೇಶದ ಹೋಟೆಲಿನಲ್ಲಿ ಕೂರಿಸಿ ಅವಳ ಗುಣವನ್ನು ಪರೀಕ್ಷಿಸಿದ ಹಾಗೆ.

ಇಕ್ಕಟ್ಟಿನಿಂದ ಹೊರಗೆ ಬರುವ ದಾರಿ ತೆರೆದುದು ಜೀವಿಯನ್ನು ಬಿಟ್ಟು ಅದರ ವಂಶಲಿಪಿಯನ್ನು ಓದಲು ಕಲಿತ ಮೇಲೆ. 1977ರಲ್ಲಿ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಎಲ್ಲ ಜೀವಕೋಶಗಳಲ್ಲಿಯೂ ಇರುವ ಒಂದು ಅಣುವಿನ ಅಕ್ಷರಗಳನ್ನು ಹೋಲಿಸಿ, ಬ್ಯಾಕ್ಟೀರಿಯವೆಂದು ತಿಳಿದಿದ್ದ ಕೆಲವು ಜೀವಿಗಳು ಬೇರೆಯೇ ಕುಲದವೆಂದು ತೋರಿಸಿದರು. ಆರ್ಕಿಯ ಎಂದು ಆ ಕುಲದ ಈಗಿನ ಹೆಸರು. 1998ರಲ್ಲಿ ಜೋ ಹ್ಯಾಂಡಲ್ಸ್‌ಮನ್ ಮತ್ತು ಸಂಗಡಿಗರು ಒಂದು ಹಿಡಿ ಮಣ್ಣಿನ ಒಟ್ಟು ಡಿ.ಎನ್.ಎ.ಯನ್ನು ಒಂದೇ ಗ್ರಂಥವೆಂದು ಭಾವಿಸಿ ಮೆಟಜೀನೋಮ್ ಎಂದು ಕರೆದರು. 2004ರಲ್ಲಿ ಕ್ರೇಗ್ ವೆಂಟರ್ ಅವರ ತಂಡ ಸರ್ಗಾಸೊ ಸಮುದ್ರದ ನೀರನ್ನು ಸೋಸಿ ಓದಿದಾಗ ಹಿಂದೆಂದೂ ಕಾಣದಿದ್ದ ವಂಶವಾಹಿಗಳೇ 12 ಲಕ್ಷ ದೊರೆತವು.

ಅಲ್ಲಿಂದ ಮುಂದೆ ಲೋಕದಲ್ಲೆಲ್ಲ ಜನಗಣತಿಯ ಹುರುಪು ಹಬ್ಬಿತು. ಟಾರಾ ಎಂಬ ಹಾಯಿಹಡಗು 2009ರಿಂದ 2013ರವರೆಗೆ ಸಾಗರಗಳನ್ನು ಸುತ್ತಿ ನೀರು ತಂದಿತು. ಅದರ ಸಂಗ್ರಹದಿಂದ 4 ಕೋಟಿ ವಂಶವಾಹಿಗಳ ಪಟ್ಟಿ 2015ರಲ್ಲಿ ಹೊರಬಂದಿತು. 2010ರಲ್ಲಿ ಮೊದಲಾದ ಭೂಮಂಡಲ ಸೂಕ್ಷ್ಮಜೀವಿ ಯೋಜನೆ 2017ರಲ್ಲಿ 43 ದೇಶಗಳ 27,751 ಮಾದರಿಗಳ ಲೆಕ್ಕವನ್ನೊಪ್ಪಿಸಿತು. ಈ ಪಟ್ಟಿಗಳ ಬಗೆಗೆ ನಮಗೆ ಗೌರವವಿದೆ, ಅಷ್ಟೇ ಬೇಸರವೂ ಇದೆ. ಊರಿನ ಮತದಾರರ ಪಟ್ಟಿಯನ್ನು ಓದಿದವನು ಊರನ್ನು ಬಲ್ಲವನಾಗುವುದಿಲ್ಲ. ಈ ಯೋಜನೆಗಳಿಂದ ಬಂದ ನಿಜವಾದ ಲಾಭ ಬೇರೆ: ಎಲ್ಲ ದೇಶದವರೂ ಒಂದೇ ಕ್ರಮದಲ್ಲಿ ಮಾದರಿ ತೆಗೆದು, ಒಂದೇ ಕ್ರಮದಲ್ಲಿ ಓದಿ, ಫಲಿತಾಂಶವನ್ನು ಎಲ್ಲರಿಗೂ ತೆರೆದಿಡುವ ಶಿಸ್ತು. ಅದಿಲ್ಲದೆ ಕಾವೂರಿನ ಕೆಸರನ್ನು ಕೋಪನ್‌ಹೇಗನ್ನಿನ ಕೆಸರಿನೊಂದಿಗೆ ಹೋಲಿಸಲಾಗುವುದಿಲ್ಲ.

ಕೆಸರಿನ ಗಣತಿಯೂ ನಡೆದಿದೆ. 2019ರಲ್ಲಿ ಪ್ರಕಟವಾದ ಒಂದು ಲೋಕಾಧ್ಯಯನಕ್ಕೆ 23 ದೇಶಗಳ 269 ಸ್ಥಾವರಗಳಿಂದ ಸುಮಾರು 1,200 ಮಾದರಿಗಳನ್ನು ತಂದಿದ್ದರು. ಲೋಕದ ಇಂಥ ಕೆಸರುಗಳಲ್ಲೆಲ್ಲ ಕೂಡಿ ಸುಮಾರು 100 ಕೋಟಿ ಬಗೆಯ ಬ್ಯಾಕ್ಟೀರಿಯಗಳಿರಬಹುದೆಂದು ಅಂದಾಜು ಮಾಡಿದರು. ಅವುಗಳಲ್ಲಿ ಎಲ್ಲೆಡೆಯೂ ಮತ್ತೆಮತ್ತೆ ಕಾಣಸಿಗುವ ತಿರುಳಿನ ಬಳಗ 28 ಮಾತ್ರ. 2022ರಲ್ಲಿ ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾನಿಲಯದವರು 31 ದೇಶಗಳ 740 ಸ್ಥಾವರಗಳ ಜೀವಿಗಳಿಗೆ ಹೆಸರು ಹಚ್ಚುವ ಕೋಶವನ್ನು ಹೊರತಂದರು. ನಮ್ಮನ್ನು ಬೆರಗುಗೊಳಿಸಿದುದು ಮೊದಲನೆಯ ಅಧ್ಯಯನದ ಇನ್ನೊಂದು ಮಾತು. ಯಾವ ಸ್ಥಾವರದಲ್ಲಿ ಯಾವ ಜೀವಿಗಳು ನೆಲೆಸುತ್ತವೆಂಬುದನ್ನು ನೀರಿನ ಬಿಸಿ, ಒಳಬರುವ ಕೊಳೆಯ ಪ್ರಮಾಣ ಮುಂತಾದುವು ನಿರ್ಣಯಿಸುವುದು ನಿಜ. ಆದರೆ ಬಹುಪಾಲು ನಿರ್ಣಯ ಆಕಸ್ಮಿಕದ್ದು, ಎಂದರೆ ಯಾರು ಮೊದಲು ಬಂದರು, ಯಾರು ಕೊಚ್ಚಿಹೋದರು ಎಂಬುದರದು. ಹಾಗಿದ್ದ ಮೇಲೆ ಡೆನ್ಮಾರ್ಕಿನ ಕೋಶವನ್ನು ತಂದು ಕಾವೂರಿನ ಭವಿಷ್ಯ ಹೇಳುವುದು ಸಾಧ್ಯವಿಲ್ಲ. ಇಲ್ಲಿಯ ನೀರು ವರ್ಷವಿಡೀ ಬೆಚ್ಚಗಿರುತ್ತದೆ. ಮಂಗಳೂರಿಗೆ ಬೀಳುವ ಮಳೆ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕದು, ಅದರ ಬಹುಭಾಗ ನಾಲ್ಕೇ ತಿಂಗಳಲ್ಲಿ. ಮಳೆನೀರು ಚರಂಡಿಗೆ ನುಗ್ಗಿದಲ್ಲಿ ಕೊಳೆ ತೆಳ್ಳಗಾಗಿ, ನಿಧಾನವಾಗಿ ಬೆಳೆಯುವ ಜೀವಿಗಳು ಕೊಚ್ಚಿಹೋಗುವ ಸಂಭವ ಹೆಚ್ಚು. ಜೂನಿನ ಸಂಸಾರವೇ ಬೇರೆ, ಮಾರ್ಚಿನ ಸಂಸಾರವೇ ಬೇರೆ.

ಪಟ್ಟಿಯಿಂದ ಕೆಲಸದ ಕಡೆಗೆ ಸಂಶೋಧನೆ ಹೊರಳಿದುದಕ್ಕೆ ಒಂದೇ ನಿದರ್ಶನವನ್ನು ಹೇಳಿ ಮುಂದೆ ಹೋಗುತ್ತೇವೆ. ಅಮೋನಿಯ ನೈಟ್ರೇಟಾಗುವುದು ಎರಡು ಹೆಜ್ಜೆಗಳಲ್ಲಿ, ಒಂದೊಂದು ಹೆಜ್ಜೆಗೂ ಬೇರೆಬೇರೆ ಜೀವಿಯುಂಟೆಂದು 1890ರ ಹೊತ್ತಿಗೆ ರಷ್ಯದ ವಿನೊಗ್ರಾಡ್‌ಸ್ಕಿ ತೋರಿಸಿದ್ದರು. ನಾವು ಅದನ್ನೇ ಓದಿದೆವು, ಅದನ್ನೇ ಹಲವು ವರ್ಷ ಕಲಿಸಿದೆವು. 2015ರಲ್ಲಿ ಎರಡು ತಂಡಗಳು ಏಕಕಾಲಕ್ಕೆ ಎರಡು ಹೆಜ್ಜೆಗಳನ್ನೂ ತಾನೊಂದೇ ಇಡಬಲ್ಲ ಜೀವಿಗಳನ್ನು ಕಂಡುಹಿಡಿದವು. ಅವುಗಳಲ್ಲಿ ಒಂದು ತಂಡಕ್ಕೆ ಅದು ದೊರೆತುದು ಮೀನು ಸಾಕುವ ತೊಟ್ಟಿಯ ಶೋಧಕದಲ್ಲಿ. ನಮ್ಮ ಟಿಪ್ಪಣಿಯ ಪುಸ್ತಕದಲ್ಲಿ ಆ ಪುಟವನ್ನು ಹೊಡೆದುಹಾಕಿ ಬೇರೆ ಬರೆಯಬೇಕಾಯಿತು.

ಇನ್ನು ನಮ್ಮನ್ನು ರಾತ್ರಿ ಎಚ್ಚರವಾಗಿರಿಸುವ ವಿಷಯಕ್ಕೆ ಬರುತ್ತೇವೆ. ಕೆಲವು ವರ್ಷಗಳ ಕೆಳಗೆ ನಮ್ಮ ಸೋದರತ್ತೆಯವರಿಗೆ ಮೂತ್ರದ ಸೋಂಕಾಯಿತು. ಮಾತ್ರೆ ಕೊಟ್ಟರು, ಇಳಿಯಲಿಲ್ಲ. ಬೇರೆ ಕೊಟ್ಟರು, ಇಳಿಯಲಿಲ್ಲ. ಕೊನೆಗೆ ಕ್ರಿಮಿಯನ್ನು ಬೆಳೆಸಿ ನೋಡಿದ ವರದಿ ಬಂದಿತು. ಎಡಗಡೆ ಔಷಧಗಳ ಹೆಸರು, ಬಲಗಡೆ ಒಂದೊಂದಕ್ಕೂ ಒಂದಕ್ಷರ; ಕ್ರಿಮಿ ಮಣಿಯುವುದಾದರೆ ಎಸ್, ಮಣಿಯದಿದ್ದರೆ ಆರ್. ಹಾಳೆಯ ಮೇಲಿನಿಂದ ಕೆಳಗಿನವರೆಗೆ ಆರ್, ಆರ್, ಆರ್. ತಳದಲ್ಲಿ ಎರಡೇ ಎಸ್. ಅತ್ತೆಯವರು ಅದನ್ನು ಮಕ್ಕಳ ಪರೀಕ್ಷೆಯ ಅಂಕಪಟ್ಟಿಯೆಂದು ತಿಳಿದು, “ಪಾಸಾದದ್ದು ಎರಡೇ ವಿಷಯವೋ?” ಎಂದರು. ಆ ಎರಡರಲ್ಲಿ ಒಂದರಿಂದ ಗುಣವಾಯಿತು. ಕಾಕ್‌ನ ಹಳೆಯ ತಟ್ಟೆಯ ವಿದ್ಯೆಯೇ ಅವರನ್ನು ಉಳಿಸಿತೆಂಬುದನ್ನು ಹೊಸದರ ಗುಂಗಿನಲ್ಲಿರುವ ನಮ್ಮ ವಿದ್ಯಾರ್ಥಿಗಳಿಗೆ ಬೇಕೆಂದೇ ಹೇಳುತ್ತೇವೆ.

ಔಷಧಕ್ಕೆ ಮಣಿಯದ ಈ ಗುಣ ಒಂದು ಕ್ರಿಮಿಯ ಸ್ವಂತ ಆಸ್ತಿಯಾಗಿ ಉಳಿಯುವುದಿಲ್ಲ. ಅದನ್ನು ಬರೆದಿರುವ ಡಿ.ಎನ್.ಎ.ಯ ಸಣ್ಣ ಸುರುಳಿಯನ್ನು ಒಂದು ಬ್ಯಾಕ್ಟೀರಿಯ ಇನ್ನೊಂದಕ್ಕೆ, ಜಾತಿ ಬೇರೆಯಾದರೂ, ಪರೀಕ್ಷೆಯ ಕೊಠಡಿಯಲ್ಲಿ ಚೀಟಿ ದಾಟಿಸುವಂತೆ ದಾಟಿಸಬಲ್ಲುದು. ಆಸ್ಪತ್ರೆ, ಮನೆ, ಕಸಾಯಿಖಾನೆಗಳ ನೀರೆಲ್ಲ ಬಂದು ಸೇರುವ ಜಾಗದಲ್ಲಿ, ಔಷಧದ ಅಂಶಗಳೂ ಕರಗಿರುವ ನೀರಿನಲ್ಲಿ, ಕೋಟ್ಯನುಕೋಟಿ ಜೀವಿಗಳು ಒತ್ತೊತ್ತಾಗಿ ಬಾಳುವಾಗ ಈ ಚೀಟಿಗಳು ಕೈಬದಲಾಗಲು ಬೇಕಾದ ಅನುಕೂಲವೆಲ್ಲ ಇರುತ್ತದೆ. ಹಾಗೆಂದು ಸ್ಥಾವರವನ್ನು ದೂಷಿಸುವುದು ಅವಿವೇಕ. ಸ್ಥಾವರದ ಮೂಲಕ ಹಾಯ್ದ ನೀರಿನಲ್ಲಿ ರೋಗಕ್ರಿಮಿಗಳ ಒಟ್ಟು ಸಂಖ್ಯೆ ಬಹಳವಾಗಿ ಇಳಿಯುತ್ತದೆ. ಇಳಿದರೂ ಪೂರ್ತಿಯಾಗಿ ಅಳಿಯುವುದಿಲ್ಲ, ಅಷ್ಟೆ.

2011ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ 171 ಕಡೆಯ ಕೊಚ್ಚೆನೀರಿನಲ್ಲಿ 51ರಲ್ಲಿಯೂ, ನಲ್ಲಿಯ 50 ಮಾದರಿಗಳಲ್ಲಿ 2ರಲ್ಲಿಯೂ, ಬಲವಾದ ಔಷಧಗಳನ್ನೂ ಸೋಲಿಸುವ ಎನ್.ಡಿ.ಎಂ.-1 ಎಂಬ ವಂಶವಾಹಿ ಸಿಕ್ಕಿತು. ಆ ಹೆಸರಿನಲ್ಲಿ ನ್ಯೂಡೆಲ್ಲಿ ಎಂಬ ಮಾತು ಸೇರಿದ್ದಕ್ಕೆ ನಮ್ಮ ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಹೆಸರು ಸರಿಯಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅಂದು ಹೆಸರಿನ ಮೇಲೆ ತೋರಿದ ಸಿಟ್ಟಿನಲ್ಲಿ ಕಾಲುಭಾಗವನ್ನು ಕೊಚ್ಚೆಯ ಮೇಲೆ ತೋರಿದ್ದರೆ ಲಾಭವಿತ್ತು. 2019ರಲ್ಲಿ 60 ದೇಶಗಳ 79 ಕಡೆಗಳ ಚರಂಡಿನೀರನ್ನು ಒಂದೇ ಕ್ರಮದಲ್ಲಿ ಓದಿದ ಇನ್ನೊಂದು ಅಧ್ಯಯನ ಬಂದಿತು. ಏಷ್ಯ, ಆಫ್ರಿಕ, ದಕ್ಷಿಣ ಅಮೆರಿಕಗಳ ಚರಂಡಿಗಳಲ್ಲಿ ಇಂಥ ವಂಶವಾಹಿಗಳು ಹೆಚ್ಚು, ಯೂರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಕಡಮೆ. ಈ ತಾರತಮ್ಯ ಜನ ನುಂಗುವ ಮಾತ್ರೆಗಳ ಲೆಕ್ಕಕ್ಕಿಂತ ಹೆಚ್ಚಾಗಿ ಊರಿನ ನೈರ್ಮಲ್ಯ, ಆರೋಗ್ಯವ್ಯವಸ್ಥೆಗಳಿಗೆ ಹೊಂದಿಕೊಂಡಿತ್ತು. ವೈದ್ಯರ ಚೀಟಿಯ ಜೊತೆಗೆ ಚರಂಡಿಯ ಕೊಳವೆಯೂ ಇಲ್ಲಿ ವಿಚಾರಣೆಗೊಳಗಾಗಬೇಕೆಂದು ಇದರ ತಾತ್ಪರ್ಯ.

ಕರಾವಳಿಯಲ್ಲಿ ಇದರ ಬಿಸಿ ತಟ್ಟಿದುದು ಮನುಷ್ಯರಿಗಷ್ಟೇ ಅಲ್ಲ, ಸಿಗಡಿಗಳಿಗೂ. 1969ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ದುಡಿದ ಇಂದ್ರಾಣಿ ಕರುಣಾಸಾಗರ ಮತ್ತು ಇಡ್ಯಾ ಕರುಣಾಸಾಗರ ಅವರು 1994ರಲ್ಲಿಯೇ, ಸಿಗಡಿ ಮರಿಗಳನ್ನು ರಾಶಿರಾಶಿಯಾಗಿ ಕೊಂದ ವಿಬ್ರಿಯೊ ಎಂಬ ಬ್ಯಾಕ್ಟೀರಿಯ ಔಷಧಗಳಿಗೆ ಮಣಿಯದಾಗಿತ್ತೆಂದು ವರದಿ ಮಾಡಿದ್ದರು. ಮರಿಕೇಂದ್ರದ ತೊಟ್ಟಿಗೆ ಔಷಧ ಸುರಿದಷ್ಟೂ ಮಣಿಯದವುಗಳೇ ಉಳಿದುಕೊಳ್ಳುತ್ತವೆ. ಮುಂದೆ ಅವರು ಬ್ಯಾಕ್ಟೀರಿಯವನ್ನೇ ತಿನ್ನುವ ವೈರಸ್ಸುಗಳನ್ನು ಔಷಧಕ್ಕೆ ಬದಲಾಗಿ ಬಳಸುವ ಪ್ರಯೋಗಗಳನ್ನೂ ನಡೆಸಿದರು. ಇಡೀ ಬಳಗವನ್ನು ಕೊಲ್ಲದೆ ಬೇಡವಾದ ಒಬ್ಬನನ್ನು ಮಾತ್ರ ಹೊರಹಾಕುವ ಈ ಯೋಚನೆಯ ಕಡೆಗೇ ಈಗ ಲೋಕದ ಹಲವು ಪ್ರಯೋಗಶಾಲೆಗಳು ತಿರುಗಿವೆ.

ಕಾವೂರಿಗೆ ಮರಳೋಣ. ಇಲ್ಲಿಂದ ಬಡಗಲಿಗೆ ಮರವೂರಿನ ಬಳಿ ಫಲ್ಗುಣಿ ನದಿ ಹರಿಯುತ್ತದೆ. ಗುರುಪುರ ಹೊಳೆಯೆಂಬುದೂ ಅದೇ. ಅಲ್ಲೊಂದು ಕಿಂಡಿ ಅಣೆಕಟ್ಟಿದೆ. ನೆರೆಯ ಪಚ್ಚನಾಡಿಯಲ್ಲಿ ನಗರದ ಕಸವನ್ನು ಬಹುಕಾಲ ಸುರಿದರು. 2019ರ ಆಗಸ್ಟಿನ ಮಳೆಯಲ್ಲಿ ಆ ಗುಡ್ಡ ಜಾರಿ ಮಂದಾರ ಎಂಬಲ್ಲಿಯ ಮನೆಗಳನ್ನೂ ಕಂಗಿನ ತೋಟಗಳನ್ನೂ ಮುಚ್ಚಿತು. ಕಸದಿಂದ ಬಸಿದ ರೊಚ್ಚು ಎಲ್ಲಿಗೆ ಹೋಯಿತೆಂದು ಅಂದು ಎಲ್ಲರೂ ಕೇಳಿದರು. ಮುರಕಲ್ಲು ತೂತುತೂತಾದ ಕಲ್ಲು. ಮೇಲೆ ಬಿದ್ದುದನ್ನು ಕೆಳಗಿಳಿಸದೆ ಬಿಡುವುದಿಲ್ಲ. ನಮ್ಮಲ್ಲಿ ಮನೆಗೊಂದು ಬಾವಿ. ಶುದ್ಧಿಮಾಡಿದ ಚರಂಡಿನೀರನ್ನು ಮಂಗಳೂರಿನ ವಿಶೇಷ ಆರ್ಥಿಕ ವಲಯದ ಕಾರ್ಖಾನೆಗಳಿಗೆ ಒದಗಿಸುವ ಏರ್ಪಾಡು ನಡೆದಿರುವುದು ಮೆಚ್ಚತಕ್ಕ ಕೆಲಸ. ಹೊಳೆಯ ಸಿಹಿನೀರು ಅಷ್ಟು ಉಳಿಯುತ್ತದೆ. ಆದರೆ ನೀರನ್ನು ಮರಳಿ ಬಳಸಿದಂತೆಲ್ಲ ಅದರಲ್ಲಿ ಯಾರಿದ್ದಾರೆಂದು ತಿಳಿದಿರುವ ಅಗತ್ಯವೂ ಹೆಚ್ಚುತ್ತದೆ. ಇಂದು ಸ್ಥಾವರಗಳಲ್ಲಿ ಅಳೆಯುವುದು ನೀರಿಗೆ ಬೇಕಾಗುವ ಆಮ್ಲಜನಕವೆಷ್ಟು, ತೇಲುವ ಕಣಗಳೆಷ್ಟು, ಮಲದ ಕ್ರಿಮಿಗಳೆಷ್ಟು ಎಂಬಷ್ಟನ್ನೇ. ಇವು ಬೇಕಾದ ಅಳತೆಗಳೇ, ಆದರೆ ನಮ್ಮ ಅತ್ತೆಯವರ ಹಾಳೆಯ ಬಲಗಡೆಯ ಅಕ್ಷರಗಳನ್ನು ಇವು ಹೇಳಲಾರವು.

ನಾವು ಬಯಸುವುದು ದೊಡ್ಡ ಯಂತ್ರವನ್ನಲ್ಲ. ವರ್ಷಕ್ಕೆ ಮೂರು ಸಾರಿ, ಮಳೆಗೆ ಮೊದಲು, ನಡುಮಳೆಯಲ್ಲಿ, ಮಳೆ ನಿಂತ ಮೇಲೆ, ಸ್ಥಾವರಕ್ಕೆ ಬರುವ ನೀರು, ಕೆಸರು, ಹೊರಡುವ ನೀರು, ಹೊಳೆಯ ನೀರು, ಒಪ್ಪಿಗೆ ಕೊಟ್ಟ ಹತ್ತು ಮನೆಗಳ ಬಾವಿನೀರು. ಇಷ್ಟನ್ನು ಲೋಕದವರು ಒಪ್ಪಿರುವ ಕ್ರಮದಲ್ಲಿ ತೆಗೆದು ಓದಿ, ಹತ್ತು ವರ್ಷ ಬಿಡದೆ ಬರೆದಿಟ್ಟರೆ ಸಾಕು. ಓದುವ ಖರ್ಚು ಇಪ್ಪತ್ತು ವರ್ಷಗಳ ಹಿಂದಿನದಕ್ಕೆ ಹೋಲಿಸಿದರೆ ಬಹಳ ಇಳಿದಿದೆ. ಮಂಗಳೂರಿನಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ, ಸೂಕ್ಷ್ಮಜೀವಿಶಾಸ್ತ್ರ ಓದಿ ಉದ್ಯೋಗ ಹುಡುಕುವ ತರುಣರಿಗೂ ಕೊರತೆಯಿಲ್ಲ. ಕೊರತೆಯಿರುವುದು ಹತ್ತು ವರ್ಷದ ತಾಳ್ಮೆಗೆ. ಒಂದು ಸಾರಿ ಮಾದರಿ ತೆಗೆದು ಒಂದು ಲೇಖನ ಬರೆದು ಮುಗಿಸುವ ಚಾಳಿ ನಮ್ಮಂಥ ಅಧ್ಯಾಪಕರದೇ.

ಈ ಮಾತನ್ನು ಕೇಳಿದ ನಮ್ಮ ನೆರೆಮನೆಯ ಹಿರಿಯರು, “ಅದೆಲ್ಲ ಇರಲಿ ಮಾಸ್ತರರೇ, ನಮ್ಮ ಬಾವಿಯ ನೀರು ಕುಡಿಯಬಹುದೋ?” ಎಂದು ಕೇಳಿದರು. ಬಾವಿಗೆ ಕಟ್ಟೆಯಿರಲಿ, ಶೌಚದ ಗುಂಡಿ ದೂರವಿರಲಿ, ನೀರನ್ನು ಗುಳ್ಳೆಯೇಳುವವರೆಗೆ ಕುದಿಸಿ ಆರಿಸಿ ಕುಡಿಯಿರಿ. ಕುದಿಯುವ ನೀರಿನಲ್ಲಿ ಆರ್ ಎಂಬ ಅಕ್ಷರದವೂ ಎಸ್ ಎಂಬ ಅಕ್ಷರದವೂ ಒಂದೇ ಹಾಗೆ ಸಾಯುತ್ತವೆ ಎಂದೆವು. ಅವರು ತಮ್ಮ ಬಾವಿಯಿಂದ ಮೊದಲ ಸೀಸೆಯನ್ನು ತುಂಬಿಕೊಡಲು ಒಪ್ಪಿದ್ದಾರೆ. ಇನ್ನು ಒಂಬತ್ತು ಮನೆಗಳು ಬೇಕು.